ಹದಿನೇಳನೇ ಪ್ರಶ್ನೆಯ ಬಲಬದಿ

"ಹದಿನೇಳು ಯಾರು?"

ಬಾಗಿಲ ಕಡೆಯಿಂದ ಬಂದ ಆ ದನಿಯ ಗುರುತು ಅವಳಿಗೆ ಒಡನೆ ಸಿಕ್ಕಿತು. ತಲೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಮನುಷ್ಯ ಬದಲಾಗಬಹುದು, ದನಿ ಎಲ್ಲಿ ಬದಲಾಗುತ್ತದೆ...

"ನಾನು," ಎಂದಳು.

ಅವನು ಮೇಜಿನವರೆಗೆ ಬಂದು ನಿಂತ. ಕಿವಿಯ ಪಕ್ಕ ಕೂದಲು ನರೆತಿತ್ತು. ಕನ್ನಡಕ ಬಂದಿತ್ತು. ಅವಳ ಮುಖ ನೋಡಿದವನೇ ಕಣ್ಣು ತಗ್ಗಿಸಿ, ಕೈಯಲ್ಲಿದ್ದ ಹಾಳೆಯನ್ನು ಅವಳ ಮುಂದಿಟ್ಟ.

"ಹದಿನೇಳನೇ ಪ್ರಶ್ನೆಯ ಉತ್ತರಸೂಚಿ. ನಾಲ್ಕು ಅಂಕ," ಎಂದು ಹೇಳಿ ಮುಂದಿನ ಮೇಜಿಗೆ ಹೋಗಿಬಿಟ್ಟ.

ಒಂಬತ್ತು ವರ್ಷದ ಮೇಲೆ ಎದುರಿಗೆ ಸಿಕ್ಕು, ನಾಲ್ಕು ಅಂಕವಂತೆ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಬೇಕಾದ ತ್ರಾಣ ಮೈಯಲ್ಲಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಅದು ಮೌಲ್ಯಮಾಪನದ ಹಾಲ್. ಕೆಲಸ ಮಾಡುತ್ತಲೇ ಓದಿ, ಶಾಲೆಯ ಪರೀಕ್ಷೆಯನ್ನು ದೊಡ್ಡ ವಯಸ್ಸಿನಲ್ಲಿ ಕಟ್ಟಿದವರ ಗಣಿತದ ಉತ್ತರಪತ್ರಿಕೆಗಳು ಅಲ್ಲಿಗೆ ಬಂದಿದ್ದವು. ಲಾರಿ ಓಡಿಸುವವರು, ಆಸ್ಪತ್ರೆಯ ನೆಲ ಒರೆಸುವವರು, ಮಕ್ಕಳ ಜೊತೆ ತಾವೂ ಪುಸ್ತಕ ಹಿಡಿದ ತಾಯಂದಿರು... ಒಟ್ಟು ಆರುನೂರ ನಲವತ್ತು ಜನ. ಪ್ರಶ್ನೆ ಇಪ್ಪತ್ತು, ಶಿಕ್ಷಕರೂ ಇಪ್ಪತ್ತು. ಒಬ್ಬೊಬ್ಬರು ಎಲ್ಲ ಪತ್ರಿಕೆಗಳಲ್ಲೂ ಒಂದೊಂದೇ ಪ್ರಶ್ನೆ ನೋಡಿ, ಅಂಕ ಹಾಕಿ, ಪಕ್ಕದವರಿಗೆ ದಾಟಿಸಬೇಕು. ಆ ಒಂದು ವಾರ ಅಲ್ಲಿ ಯಾರಿಗೂ ಹೆಸರಿಲ್ಲ. ಪ್ರಶ್ನೆಯ ಸಂಖ್ಯೆಯೇ ಹೆಸರು.

ಅವಳ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ನಿವೃತ್ತಿಗೆ ಎರಡೇ ವರ್ಷ ಬಾಕಿ. ನೋಡುತ್ತಿದ್ದದ್ದು ಹದಿನಾರನೇ ಪ್ರಶ್ನೆ.

"ಈ ವಯಸ್ಸಲ್ಲಿ ನನ್ನನ್ನ ಹದಿನಾರು ಅಂತ ಕರೆಯೋರು ಇಲ್ಲೇ ಸಿಗೋದು. ಅದಕ್ಕೇ ಪ್ರತಿ ವರ್ಷ ಬರ್ತೀನಿ," ಎಂದು ಆಕೆ ಮೊದಲ ದಿನವೇ ನಗಿಸಲು ನೋಡಿದ್ದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಈಗ ಸೂಚಿ ಕೊಟ್ಟು ಹೋದ ಮುಖ್ಯಸ್ಥರು ಗೊತ್ತಾ ನಿಮಗೆ?"

"ಒಂದೇ ಶಾಲೆಯಲ್ಲಿದ್ದೆವು. ತುಂಬಾ ಹಿಂದೆ," ಎಂದಷ್ಟೇ ಹೇಳಿ ಅವಳು ಪತ್ರಿಕೆಗೆ ಕೈ ಹಾಕಿದಳು.

ಮಾತು ಸುಳ್ಳಲ್ಲ, ಆದರೆ ಅರ್ಧ. ಒಂದೇ ಶಾಲೆಯಲ್ಲಿ ಮೂರು ವರ್ಷ ಇಬ್ಬರೂ ಗಣಿತ ಕಲಿಸಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ಒಂದು ದಿನ ಅವನು, "ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು. ಸೋಮವಾರ ಕೇಳ್ತೀನಿ," ಅಂದಿದ್ದ. ಆ ಎರಡು ದಿನ ಅವಳು ನೆಲದ ಮೇಲೆ ನಡೆದಿರಲಿಲ್ಲ.

ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ದೂರದ ಊರಿಗೆ ವರ್ಗ ಮಾಡಿಸಿಕೊಂಡು ಹೋದನಂತೆ ಎಂದು ಬುಧವಾರ ಗುಮಾಸ್ತ ಹೇಳಿದ.

ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ ಇದ್ದಾಳೆಂದು ಹೆದರಿ ಓಡಿದ, ಎಂದು ಅವಳು ತೀರ್ಮಾನಿಸಿದಳು. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಬೆಳಿಗ್ಗೆ ಅಮ್ಮ, ಹಗಲು ಶಾಲೆ, ಸಂಜೆ ಮತ್ತೆ ಅಮ್ಮ. ಬಂದ ಒಂದೆರಡು ಸಂಬಂಧಗಳನ್ನು ಬೇಡವೆಂದಳು. ಹೋದ ವರ್ಷ ಅಮ್ಮನೂ ಹೋದಳು. ಈಗ ಅವಳಿಗೆ ಮೂವತ್ತೇಳು. ಆಯಾಸ ಮಾತ್ರ ಬಿಟ್ಟು ಹೋಗಿರಲಿಲ್ಲ. ಎಷ್ಟು ಮಲಗಿದರೂ ತೀರದ ಆಯಾಸ...

ಅವಳ ಪಾಲಿಗೆ ಬಂದ ಪ್ರಶ್ನೆ ಭಿನ್ನರಾಶಿಯ ಜೋಡಿ ಸಮೀಕರಣ. ಎಕ್ಸ್‌ನ ಅರ್ಧಕ್ಕೆ ವೈನ ಕಾಲು ಭಾಗ ಕೂಡಿಸಿದರೆ ನಾಲ್ಕು. ಎಕ್ಸ್‌ನ ಮೂರನೇ ಒಂದು ಭಾಗಕ್ಕೆ ವೈನ ಅರ್ಧ ಕೂಡಿಸಿದರೂ ನಾಲ್ಕು. ಹಾಗಾದರೆ ಎಕ್ಸ್ ಎಷ್ಟು, ವೈ ಎಷ್ಟು?

ಉತ್ತರಸೂಚಿಯಲ್ಲಿ ಅವನ ದುಂಡು ಅಕ್ಷರ. ಎಕ್ಸ್ ಹನ್ನೊಂದು, ವೈ ಋಣ ಆರು. ಉತ್ತರ ಸರಿ ಇದ್ದರೆ ನಾಲ್ಕು ಅಂಕ. ಉತ್ತರ ತಪ್ಪಿ, ಛೇದ ತೆಗೆಯುವ ಪ್ರಯತ್ನ ಮಾಡಿದ್ದರೆ ಒಂದು.

ಬೇರೆ ಯಾರ ಸೂಚಿಯಾಗಿದ್ದರೂ ಮೊದಲು ತಾನೇ ಬಿಡಿಸಿ ನೋಡುತ್ತಿದ್ದಳು. ಇದು ಅವನದು. ಅವನ ಲೆಕ್ಕ ತಪ್ಪಿದ್ದನ್ನು ಆ ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಕಂಡಿರಲಿಲ್ಲ. ಮನುಷ್ಯನ ಮೇಲೆ ನಂಬಿಕೆ ಹೋಗಿದ್ದರೂ ಅವನ ಗಣಿತದ ಮೇಲೆ ಹೋಗಿರಲಿಲ್ಲ, ನೋಡಿ! ಹಾಳೆಯನ್ನು ಎದುರಿಗಿಟ್ಟುಕೊಂಡು ಕೆಂಪು ಪೆನ್ನು ಓಡಿಸತೊಡಗಿದಳು.

ನೂರು ಆಯಿತು. ಇನ್ನೂರು ಆಯಿತು. ಬಹಳ ಜನ ಎಕ್ಸ್ ಆರು, ವೈ ನಾಲ್ಕು ಎಂದು ಬರೆದಿದ್ದರು. ಒಬ್ಬರನ್ನೊಬ್ಬರು ನೋಡಿ ಬರೆದಿದ್ದಾರೆ, ಎಂದುಕೊಂಡು ಒಂದೊಂದೇ ಅಂಕ ಹಾಕಿದಳು. ಎರಡನೆಯ ದಿನ ಅವಳ ಕುರ್ಚಿಯ ಒಂದು ಕಾಲು ಅಲುಗಾಡುತ್ತಿತ್ತು. ಊಟ ಮುಗಿಸಿ ಬರುವಷ್ಟರಲ್ಲಿ ಅಲ್ಲಿ ಬೇರೆ ಕುರ್ಚಿ ಇತ್ತು. ಮುಖ್ಯಸ್ಥರು ತಮ್ಮದನ್ನೇ ತಂದಿಟ್ಟು ಹೋದರು ಎಂದಳು ಹದಿನಾರು.

*ಈ ಕನಿಕರ ಯಾರಿಗೆ ಬೇಕಿತ್ತು?* ಅವಳು ಹಲ್ಲು ಕಚ್ಚಿ ಕೂತಳು. ಕೂತದ್ದು ಮಾತ್ರ ಅದೇ ಕುರ್ಚಿಯಲ್ಲಿ.

ಹದಿನಾರು ಇನ್ನೊಂದು ಸುದ್ದಿಯನ್ನೂ ತಂದಿದ್ದಳು. ಈ ಸಲದ ಫಲಿತಾಂಶ ಯಾವ ಗೊಂದಲವೂ ಇಲ್ಲದೆ ಹೊರಬಿದ್ದರೆ ಪರೀಕ್ಷಾ ವಿಭಾಗದ ಮುಖ್ಯಸ್ಥನ ಕೆಲಸ ಅವನಿಗೆ ಖಾಯಂ ಆಗುತ್ತದಂತೆ. ಇಲ್ಲದಿದ್ದರೆ ಮತ್ತೆ ಆ ದೂರದ ಶಾಲೆಗೇ ಹೋಗಬೇಕಂತೆ.

*ಖಾಯಂ ಆಗಲಿ, ಬಿಡಲಿ. ನನಗೇನು?* ಎಂದುಕೊಂಡಳು. ಆದರೆ ಅವನು ಇದೇ ಊರಲ್ಲಿ ಉಳಿಯಬಹುದು ಎಂಬ ಯೋಚನೆ ಆ ಇಡೀ ಮಧ್ಯಾಹ್ನ ಅವಳನ್ನು ಬಿಡಲಿಲ್ಲ.

ಮೂರನೆಯ ದಿನ, ಶನಿವಾರ. ಊಟಕ್ಕೆ ಮುಂಚೆ ನಾನೂರ ಹದಿಮೂರನೇ ಪತ್ರಿಕೆ ತೆರೆದಳು. ದೊಡ್ಡ ದೊಡ್ಡ ಅಕ್ಷರ, ಹಾಳೆ ತೂತಾಗುವಂತೆ ಒತ್ತಿ ಬರೆದದ್ದು. ಪೆನ್ನಿಗಿಂತ ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದ ಕೈ ಇರಬೇಕು. ಎಕ್ಸ್ ಆರು, ವೈ ನಾಲ್ಕು. ಒಂದು ಅಂಕ ಹಾಕಲು ಹೋದವಳ ಕಣ್ಣು ಉತ್ತರದ ಕೆಳಗಿನ ಸಾಲಿಗೆ ಬಿತ್ತು.

'ಎರಡಕ್ಕೂ ಹಾಕಿ ನೋಡಿದೆ. ಸರಿ ಇದೆ.'

ಅವಳ ಕೈ ಅಲ್ಲೇ ನಿಂತಿತು.

ಆರರ ಅರ್ಧ ಮೂರು, ನಾಲ್ಕರ ಕಾಲು ಒಂದು. ನಾಲ್ಕು. ಆರರ ಮೂರನೇ ಒಂದು ಭಾಗ ಎರಡು, ನಾಲ್ಕರ ಅರ್ಧ ಎರಡು. ಇದೂ ನಾಲ್ಕು.

ಈಗ ಸೂಚಿಯ ಉತ್ತರವನ್ನು ತೆಗೆದುಕೊಂಡಳು. ಹನ್ನೊಂದು, ಋಣ ಆರನ್ನು ಹಾಕಿದಳು. ಮೊದಲನೆಯದಕ್ಕೆ ಸರಿಯಾಗಿ ಕೂತಿತು. ಎರಡನೆಯದಕ್ಕೆ ಕೂರಲಿಲ್ಲ.

ತಪ್ಪು ಎಲ್ಲಿ ಆಗಿದೆಯೆಂದು ಕಂಡುಹಿಡಿಯಲು ಅರೆ ನಿಮಿಷವೂ ಬೇಕಾಗಲಿಲ್ಲ. ಎರಡು, ಮೂರು ಛೇದಗಳನ್ನು ಕಳೆಯಲು ಎರಡನೇ ಸಮೀಕರಣವನ್ನು ಆರರಿಂದ ಗುಣಿಸಬೇಕು. ಎಡಬದಿಯನ್ನು ಗುಣಿಸಿದ್ದಾನೆ. ಬಲಬದಿಯ ನಾಲ್ಕು ಇಪ್ಪತ್ತನಾಲ್ಕು ಆಗಬೇಕಿತ್ತು, ನಾಲ್ಕಾಗಿಯೇ ಉಳಿದಿದೆ. ಎಂಟನೇ ತರಗತಿಯ ಮಕ್ಕಳಿಗೆ ಅವಳು ಪ್ರತಿ ವರ್ಷ ಗಂಟಲು ಹರಿದುಕೊಂಡು ಹೇಳುವ ತಪ್ಪು.

ನಾನೂರ ಹನ್ನೆರಡು ಪತ್ರಿಕೆ... ಸರಿ ಬರೆದವರ ಅಂಕವನ್ನು ಅವಳೇ ತನ್ನ ಕೈಯಾರೆ ಕಿತ್ತುಕೊಂಡಿದ್ದಳು. ಮೂರು ಅಂಕದಲ್ಲಿ ಎಷ್ಟು ಜನ ನಪಾಸಾಗಿರಬಹುದು? ಎಷ್ಟನೇ ಸಲ ಕಟ್ಟಿದವರೋ ಏನೋ. ಅವಳ ಕಣ್ಣು ತುಂಬಿತು. ಸುಸ್ತು ಎಂದು ಹೇಳಿಕೊಂಡು ಮಾಡಬಹುದಾದ ತಪ್ಪೇ ಇದು?

ಹದಿನಾರು ಬಗ್ಗಿ ನೋಡಿದಳು. ಲೆಕ್ಕ ಅರ್ಥವಾಗಲು ಆಕೆಗೂ ಹೊತ್ತು ಹಿಡಿಯಲಿಲ್ಲ. ಇದನ್ನು ಎತ್ತಿದರೆ ಅವನ ಕೆಲಸಕ್ಕೆ ಕುತ್ತು ಬರುತ್ತದೆ, ಹಳೆಯ ಸಿಟ್ಟು ತೀರಿಸಿಕೊಂಡಳು ಎಂದು ಅವನೇ ಅಂದುಕೊಂಡಾನು ಎಂದು ಮೆಲ್ಲಗೆ ಹೇಳಿದಳು. ಹಳೆಯ ಸಿಟ್ಟಿನ ವಿಷಯ ಆಕೆಗೆ ಯಾರೂ ಹೇಳಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ?

"ಬಿಡು ಅಂತ ನಾನು ಹೇಳಲ್ಲ," ಎಂದಳು ಹದಿನಾರು. "ಏಳೋ ಮೊದಲು ಒಂದು ಲೋಟ ನೀರು ಕುಡಿ."

ಅವಳು ನೀರು ಕುಡಿದು ಎದ್ದಳು.

ಅವನ ಕೋಣೆಯಲ್ಲಿ ಕಟ್ಟು ಕಟ್ಟಿದ ಪತ್ರಿಕೆಗಳ ನಡುವೆ ಒಂದು ಮೇಜು. ಅವನು ಕೂತಿದ್ದದ್ದು ಆ ಅಲುಗಾಡುವ ಕುರ್ಚಿಯ ಮೇಲೆ. ಅವಳು ಪತ್ರಿಕೆಯನ್ನೂ ಸೂಚಿಯನ್ನೂ ಎದುರಿಗಿಟ್ಟು, ನೋಡಿ ಎಂದಳು. ಅವನು ಪೆನ್ಸಿಲ್ ಹಿಡಿದು ಮೊದಲಿಂದ ಬಿಡಿಸಿದ. ಬಲಬದಿಗೆ ಬಂದಾಗ ಪೆನ್ಸಿಲ್ ನಿಂತಿತು.

"ಮೊದಲನೆಯದಕ್ಕೆ ಹಾಕಿ ನೋಡಿದ್ದೆ. ಸರಿ ಬಂತು. ಎರಡನೆಯದಕ್ಕೆ ನೋಡಲೇ ಇಲ್ಲ," ಎಂದ. ಪೆನ್ಸಿಲ್ ಕೆಳಗಿಟ್ಟು ಕೇಳಿದ, "ಇದನ್ನ ಯಾರಿಗಾದರೂ ಹೇಳಿದಿರಾ?"

ಆ ಒಂದು ಪ್ರಶ್ನೆಗೆ ಅವಳೊಳಗೆ ಒಂಬತ್ತು ವರ್ಷದಿಂದ ಕೂಡಿಟ್ಟದ್ದೆಲ್ಲ ಒಟ್ಟಿಗೆ ಎದ್ದಿತು. *ಮುಚ್ಚಿಡಬೇಕು ಅಂತ ನೋಡ್ತಿದ್ದಾನೆ... ಆಗ ಓಡಿಹೋದ, ಈಗ ಅಡಗಿಕೊಳ್ತಾನೆ. ಇವನು ಇಷ್ಟೇ.*

"ನಿಮಗೇ ಮೊದಲು ಹೇಳ್ತಿದೀನಿ. ಹೇಳದೆ ಹೋಗೋದು ನಿಮ್ಮ ಅಭ್ಯಾಸ, ನನ್ನದಲ್ಲ."

ಅವನು ಕಪಾಟು ತೆರೆದು ದಪ್ಪ ರಿಜಿಸ್ಟರ್ ತೆಗೆದ. ಸೂಚಿಯಲ್ಲಿ ತಪ್ಪು ಸಿಕ್ಕರೆ ಅದರಲ್ಲಿ ಬರೆದು ಪರೀಕ್ಷಾಧಿಕಾರಿಗೆ ಕಳಿಸಬೇಕು, ಮೊದಲು ಕಂಡವರ ಸಹಿಯೂ ಇರಬೇಕು. ಬೇರೆ ಯಾರಾದರೂ ಮೊದಲೇ ಕಂಡಿದ್ದಾರೋ ಎಂದು ತಿಳಿಯಲು ಅವನು ಕೇಳಿದ್ದು. 'ಹದಿನೇಳನೇ ಪ್ರಶ್ನೆಯ ಸೂಚಿ ತಪ್ಪು. ತಪ್ಪು ನನ್ನದು. ಮೌಲ್ಯಮಾಪಕರ ಹೊಣೆ ಇಲ್ಲ,' ಎಂದು ಅವನು ಬರೆಯುವುದನ್ನು ಅವಳು ನಿಂತು ನೋಡಿದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಸಹಿಗೆಂದು ರಿಜಿಸ್ಟರನ್ನು ಅವಳ ಕಡೆ ತಿರುಗಿಸುತ್ತ, ತಲೆ ಎತ್ತದೆಯೇ ಅವನು ಹೇಳಿದ, "ಹೇಳದೆ ಹೋಗಲಿಲ್ಲ ನಾನು. ಸೋಮವಾರದ ತನಕ ತಡೆಯೋಕಾಗದೆ ಆ ಭಾನುವಾರವೇ ನಿಮ್ಮ ಮನೆಗೆ ಬಂದಿದ್ದೆ. ನೀವು ಅಮ್ಮನಿಗೆ ಔಷಧಿ ತರೋಕೆ ಹೋಗಿದ್ರಿ. ನಿಮ್ಮ ಅಣ್ಣನ ಹತ್ತಿರ ಎಲ್ಲ ಹೇಳಿದೆ. ನಿಮಗೆ ಇಷ್ಟ ಇಲ್ಲ, ಎದುರಿಗೆ ಹೇಳೋಕೆ ಸಂಕೋಚಪಡ್ತಾಳೆ ಅಂದ್ರು. ಅಷ್ಟಾದ ಮೇಲೆ ಸೋಮವಾರ ಅದೇ ಬೆಂಚಿಗೆ ಹೇಗೆ ಬರಲಿ?"

ಅವಳಿಗೆ ಸಹಿ ಹಾಕಿದ್ದು ನೆನಪಿಲ್ಲ.

ಅವಳ ಅಣ್ಣ ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸಂಜೆ ಅವಳು ಬಂದಾಗ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಣ್ಣ ಚಕ್ರ ಹಿಡಿದು ಕೂತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ, ಅವರು ಬಂದಿದ್ರಾ ಎಂದು ಕೇಳಿದಳು. ಯಾರು ಎಂದು ಅಣ್ಣ ಕೇಳಲಿಲ್ಲ. ಅದರಲ್ಲೇ ಉತ್ತರ ಸಿಕ್ಕಿತು.

"ಬಂದಿದ್ದ," ಎಂದ ಅಣ್ಣ, ಕನ್ನಡಿ ತೆಗೆಯದೆ. "ಅಮ್ಮ ಹಾಸಿಗೆಯಲ್ಲಿದ್ಲು. ನಿನ್ನ ಅತ್ತಿಗೆಗೆ ಆಗ ಏಳು ತಿಂಗಳು. ನೀನು ಹೋಗಿಬಿಟ್ರೆ ನಾನೇನು ಮಾಡ್ಬೇಕಿತ್ತು, ಹೇಳು."

"ನನ್ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ನೀನೇ ಇರ್ತೀನಿ ಅಂತಿದ್ದೆ."

"ಅಂತಿದ್ದೆನೇನೋ. ಅದನ್ನ ನಾನು ಹೇಳಬೇಕಿತ್ತಲ್ಲಣ್ಣ..."

ಅಣ್ಣ ಚಿಮಟವನ್ನು ಮೇಜಿನ ಮೇಲೆ ಹಾಕಿದ. ಚಕ್ರ ಎಲ್ಲೋ ಉರುಳಿ ಬಿತ್ತು. ಕೂಗಾಡಬೇಕು ಎಂದುಕೊಂಡೇ ಅವಳು ದಾರಿಯುದ್ದಕ್ಕೂ ಬಂದಿದ್ದಳು. ಈಗ ನೋಡಿದರೆ ಎದುರಿಗಿದ್ದದ್ದು ಐವತ್ತರ ಹತ್ತಿರದ ಒಬ್ಬ ಬಡಕಲು ಮನುಷ್ಯ, ನೆಲದ ಮೇಲೆ ಚಕ್ರ ತಡಕಾಡುತ್ತಿದ್ದ. ಅವಳು ಬಗ್ಗಿ ಹುಡುಕಿ ಕೊಟ್ಟಳು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. ಕ್ಷಮಿಸಿಯೂ ಇರಲಿಲ್ಲ.

ಅತ್ತಿಗೆ ತಟ್ಟೆ ಹಾಕಿ ಕರೆದಳು. ತನಗೂ ತಡವಾಗಿಯೇ ತಿಳಿಯಿತು, ಹೇಳಲು ಬಾಯಿ ಬರಲಿಲ್ಲ ಎಂದು ಕಣ್ಣೊರೆಸಿಕೊಂಡಳು. ಅವಳು ಎರಡು ತುತ್ತು ತಿಂದು, ನಾಳೆ ಭಾನುವಾರವಾದರೂ ಕೆಲಸವಿದೆ ಎಂದು ಹೇಳಿ ಮಲಗಲು ಹೋದಳು.

ಭಾನುವಾರ ಹಾಲ್‌ನಲ್ಲಿ ಮೂರೇ ಜನ. ನಾನೂರ ಹನ್ನೆರಡು ಪತ್ರಿಕೆಯಲ್ಲಿ ಹದಿನೇಳನೇ ಪ್ರಶ್ನೆಯನ್ನು ಮತ್ತೆ ನೋಡಬೇಕಿತ್ತು. ಅವನು ಪತ್ರಿಕೆ ತೆರೆದುಕೊಡುತ್ತಿದ್ದ, ಅವಳು ಅಂಕ ತಿದ್ದುತ್ತಿದ್ದಳು, ಯಾರೂ ಕರೆಯದೆ ಬಂದಿದ್ದ ಹದಿನಾರು ಮೊತ್ತ ಸರಿಪಡಿಸುತ್ತಿದ್ದಳು. ಸೂಚಿಯ ತಪ್ಪಿಗೆ ಯಾರ ಅಂಕವನ್ನೂ ಇಳಿಸುವಂತಿಲ್ಲ ಎಂಬ ನಿಯಮವಿತ್ತು. ಹೀಗಾಗಿ ಮುಖ್ಯಸ್ಥರ ಜೊತೆ ಸೇರಿ ಅದೇ ತಪ್ಪು ಮಾಡಿದ ಹನ್ನೊಂದು ಜನ ಪುಣ್ಯವಂತರು ಎಂದು ಹದಿನಾರು ಅಣಕಿಸಿದಳು.

ಮಧ್ಯಾಹ್ನದ ಹೊತ್ತಿಗೆ ಆಕೆ ಚೀಲ ಹೆಗಲಿಗೇರಿಸಿದಳು. ಮೊಮ್ಮಗಳು ಕಾಯುತ್ತಿದ್ದಾಳಂತೆ. ಬಾಗಿಲಲ್ಲಿ ತಿರುಗಿ ನಿಂತು, "ಮಿಕ್ಕಿದ್ದನ್ನ ನೀವಿಬ್ಬರೇ ಬಿಡಿಸಿಕೊಳ್ಳಿ. ನಾನು ಹದಿನಾರು, ನನಗೆ ಅಷ್ಟೆಲ್ಲ ತಿಳಿಯಲ್ಲ," ಎಂದು ಹೋದಳು.

ಇಬ್ಬರೂ ಸೇರಿ ಇನ್ನೊಂದು ಕಟ್ಟು ಮುಗಿಸಿದರು.

ಪರೀಕ್ಷಾಧಿಕಾರಿ ಬೆಳಿಗ್ಗೆಯೇ ಫೋನ್ ಮಾಡಿದ್ದರು ಎಂದು ಅವನು ಹೇಳಿದ. ಖಾಯಂ ಕೆಲಸ ಬೇರೆಯವರಿಗೆ ಹೋಗಿದೆ. ಮಂಗಳವಾರ ಬೆಳಗಿನ ಬಸ್ಸಿಗೆ ಅವನು ಹಳೆಯ ಶಾಲೆಗೆ ಹೊರಡಬೇಕು. ಬೇಸರವಿಲ್ಲ, ತಪ್ಪು ತನ್ನದೇ ಅಲ್ಲವೇ ಎಂದ. ಬೇಸರ ಅವನ ಮುಖದ ತುಂಬ ಇತ್ತು.

ಮಂಗಳವಾರ! ಒಂಬತ್ತು ವರ್ಷ ಹೋಯಿತು, ಈಗ ಉಳಿದಿರುವುದು ಒಂದೂವರೆ ದಿನ. ಇವತ್ತು ಸುಮ್ಮನಿದ್ದರೆ ಇನ್ನು ಜೀವಮಾನವೆಲ್ಲ ಸುಮ್ಮನೇ...

"ಅಣ್ಣನನ್ನ ಕೇಳಿದೆ," ಎಂದಳು. "ನೀವು ಬಂದಿದ್ದು ನಿಜ. ನನಗೆ ಇಷ್ಟ ಇರಲಿಲ್ಲ ಅನ್ನೋದು ಸುಳ್ಳು."

ಅವನ ಕೈಯಲ್ಲಿದ್ದ ಪತ್ರಿಕೆ ಹಾಗೇ ತೆರೆದಿತ್ತು.

"ನೀವು ಒಂದು ಸಮೀಕರಣಕ್ಕೆ ಮಾತ್ರ ಹಾಕಿ ನೋಡಿದ್ರಿ. ಆಗಲೂ ಹಾಗೇ ಮಾಡಿದ್ರಿ, ಈಗಲೂ ಹಾಗೇ ಮಾಡಿದ್ರಿ."

ಬೈಯಬೇಕೆಂದು ಹೊರಟ ಮಾತು ಅಳುವಾಗಿ ಮುಗಿಯಿತು. ಅವನು ಎದ್ದು ಬರಲು ಹೋಗಿ, ಬರಲೋ ಬೇಡವೋ ಎಂದು ಅಲ್ಲೇ ನಿಂತ.

"ಯಾಕೆ ತಪ್ಪಿತು ಗೊತ್ತಾ?" ಎಂದ ನಿಧಾನವಾಗಿ. "ಹದಿನಾರು ಪ್ರಶ್ನೆಯ ಸೂಚಿ ಬರೆದು ಮುಗಿಸಿದ್ದೆ. ಹದಿನೇಳನೆಯದರ ನಡುವೆ ಗುಮಾಸ್ತ ಬಂದು ಶಿಕ್ಷಕರ ಪಟ್ಟಿ ಇಟ್ಟು ಹೋದ. ಅದರಲ್ಲಿ ನಿಮ್ಮ ಹೆಸರಿತ್ತು. ಆಮೇಲೆ ಬಲಬದಿಯೂ ಕಾಣಲಿಲ್ಲ, ಎಡಬದಿಯೂ ಕಾಣಲಿಲ್ಲ. ಈ ಪ್ರಶ್ನೆ ನಿಮಗೇ ಇರಲಿ ಅಂತ ಬರೆದಿಟ್ಟು ಎದ್ದುಬಿಟ್ಟೆ. ಮೊದಲ ದಿನ ಹದಿನೇಳು ಯಾರು ಅಂತ ಕೇಳಿದ್ದೂ ಗೊತ್ತಿದ್ದೇ."

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಮತ್ತೆ ಅಳು. ಈ ಮನುಷ್ಯ! ಓಡಿಹೋದ ಹೇಡಿ ಎಂದು ತಾನು ಇಷ್ಟು ವರ್ಷ ಶಪಿಸಿದ ಮನುಷ್ಯ, ತನ್ನ ಹೆಸರು ಕಂಡರೆ ನಾಲ್ಕಾರು ಇಪ್ಪತ್ತನಾಲ್ಕು ಮರೆಯುತ್ತಾನೆ. ಅವಳಿಗೆ ಅವನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ಅದು ಎಂದೂ ಹೋಗಿರಲೇ ಇಲ್ಲ ಎಂದೂ ಅದೇ ಗಳಿಗೆಯಲ್ಲಿ ತಿಳಿಯಿತು.

ಕೊನೆಯ ಪತ್ರಿಕೆ ಮುಗಿದಾಗ ಕಿಟಕಿಯ ಬಿಸಿಲು ಗೋಡೆಯ ಮೇಲಕ್ಕೆ ಏರಿತ್ತು. ಇಪ್ಪತ್ತಮೂರು ಜನ ಹೊಸದಾಗಿ ಪಾಸಾಗಿದ್ದರು. ಅವನು ಕಟ್ಟುಗಳಿಗೆ ದಾರ ಬಿಗಿದು, ಪೆನ್ನುಗಳನ್ನು ಡಬ್ಬಿಗೆ ತುಂಬಿ, ಇನ್ನೇನೂ ಉಳಿದಿಲ್ಲ ಎಂಬಂತೆ ಸುತ್ತ ನೋಡಿದ. ಅವಳು ಏಳಲಿಲ್ಲ.

"ನನಗೆ ಈಗ ಮೂವತ್ತೇಳು," ಎಂದಳು. "ಸಂಜೆಯಾದ್ರೆ ಮಾತಾಡೋಕೂ ಆಗದಷ್ಟು ಸುಸ್ತು. ಮೊದಲಿನ ಹಾಗೆ ಸೋಮವಾರಕ್ಕೆ ಕಾಯೋ ಶಕ್ತಿ ನನಗಿಲ್ಲ. ಕೇಳೋದು ಏನಾದ್ರೂ ಇದ್ರೆ ಈಗ ಕೇಳಿ. ನನ್ನನ್ನೇ ಕೇಳಿ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಒಂದು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತ. ದೂರದ ಊರು, ಒಬ್ಬನೇ ಇರುವ ಎರಡು ಕೋಣೆಯ ಬಾಡಿಗೆ ಮನೆ, ಇನ್ನು ಮೇಲೇರುವ ಆಸೆಯಿಲ್ಲದ ಕೆಲಸ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಯಾವುದನ್ನೂ ಬಣ್ಣ ಕಟ್ಟಿ ಹೇಳಲಿಲ್ಲ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು.

"ಇಷ್ಟೇ ನನ್ನ ಹತ್ತಿರ ಇರೋದು," ಎಂದ. "ನನ್ನ ಜೊತೆ ಇರ್ತೀರಾ?"

"ಇರ್ತೀನಿ."

"ಯೋಚನೆ ಮಾಡಿ ನಾಳೆ ಹೇಳಿದರೂ..."

"ಒಂಬತ್ತು ವರ್ಷ ಆಯ್ತು. ಇನ್ನೆಷ್ಟು ಯೋಚನೆ ಮಾಡಲಿ?"

ಅವನು ನಕ್ಕ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಕೆಂಪು ಶಾಯಿ ಮೆತ್ತಿದ್ದ ಅವಳ ಬೆರಳುಗಳನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ತುಂಬಾ ದಣಿದಿದ್ದೀಯ. ಮನೆಗೆ ಬಿಟ್ಟು ಬರ್ಲಾ?"

"ಬೇಡ," ಎಂದು ಅವಳು ಅವನ ಭುಜಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದಳು. "ಇನ್ನು ಸ್ವಲ್ಪ ಹೊತ್ತು ಹೀಗೇ ಕೂತಿರೋಣ."